ಅರಬರ ಕುದುರೆ ಬಂತು, ಒಂಟೆ ಯಾಕೆ ಬರಲಿಲ್ಲ?

ನಮ್ಮ ಕರಾವಳಿಗೂ ಅರಬರಿಗೂ ಇದ್ದ ವ್ಯಾಪಾರದ ಬಗ್ಗೆ ಯಾರೇ ಬರೆಯಲಿ, ಇಲ್ಲಿಂದ ಕಾಳುಮೆಣಸು, ಶುಂಠಿ, ಅಕ್ಕಿ ಹೋದದ್ದು ಬರುತ್ತದೆ, ಅಲ್ಲಿಂದ ಕುದುರೆ, ಖರ್ಜೂರ ಬಂದದ್ದು ಬರುತ್ತದೆ. ಒಂಟೆ ಮಾತ್ರ ಆ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ಇದು ನನಗೆ ಬಹಳ ದಿನದಿಂದ ವಿಚಿತ್ರವಾಗಿ ಕಂಡ ವಿಷಯ. ಅರಬರಿಂದ ನಮ್ಮ ಮಾತಿಗೆ ಶಬ್ದಗಳು ಬಂದವು, ಮಕ್ಕಳಿಗೆ ಹೆಸರುಗಳು ಬಂದವು. ಮದ್ರಸಕ್ಕೆ ಹೋದ ನಮ್ಮ ಪ್ರತಿಯೊಂದು ಮಗುವಿಗೂ ಸ್ವಾಲಿಹ್ ನಬಿಯ ಒಂಟೆಯ ಕಥೆ ಗೊತ್ತು. ಆದರೆ ಒಂಟೆಯನ್ನೇ ಸಾಕಿದ ಒಂದು ಬ್ಯಾರಿ ಮನೆಯನ್ನು ನಾನು ಕಂಡದ್ದಿಲ್ಲ, ಅಂಥ ಮನೆ ಇತ್ತೆಂದು ಕೇಳಿದ್ದೂ ಇಲ್ಲ. ಪಣಂಬೂರು ಬೀಚಿನಲ್ಲಿ ಮಕ್ಕಳನ್ನು ಕೂರಿಸಿ ಸುತ್ತು ಹೊಡೆಸುವ ಒಂಟೆ ತೀರಾ ಈಚಿನದು. ನಾನು ಮೊದಲು ಕಂಡ ಒಂಟೆ ಉಪ್ಪರ ಅಂಗಡಿಯಲ್ಲಿ ಮಾರಾಟಕ್ಕಿದ್ದ ಕ್ಯಾಮ್ಲಿನ್ ಕಂಪಾಸ್ ಬಾಕ್ಸಿನ ಮೇಲಿನದು.

ಮೊದಲು ಕುದುರೆಯ ವಿಷಯ ನೋಡೋಣ. ಕುದುರೆಯನ್ನು ಹಡಗಿನಲ್ಲಿ ತರುವುದೇನೂ ಸುಲಭದ ಕೆಲಸವಾಗಿರಲಿಲ್ಲ. ಹೊರ್ಮುಜ್‌ನಿಂದ, ಏಡನ್‌ನಿಂದ ಹೊರಟ ಕುದುರೆಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತಿದ್ದವು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ಒಂದು ವಿವರ ಅಂಗಡಿಯವನ ಮಗನಾದ ನನಗೆ ಬಹಳ ಇಷ್ಟ. ವಿಜಯನಗರದ ಸಾಳುವ ನರಸಿಂಹ ಸಾವಿರ ಪರ್ದಾವ್ ನಾಣ್ಯಕ್ಕೆ ಮೂರು ಕುದುರೆಯಂತೆ ಕೊಳ್ಳುತ್ತಿದ್ದನಂತೆ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೆ ಸಾಕು, ಪೂರ್ತಿ ದುಡ್ಡು. ಕೃಷ್ಣದೇವರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂದೂ ಅವನೇ ಬರೆಯುತ್ತಾನೆ. ಅದರಲ್ಲಿ ಹೊರ್ಮುಜ್‌ನದೂ ಇತ್ತು, ನಾಡ ಕುದುರೆಯೂ ಇತ್ತು. ಯುದ್ಧಕ್ಕೆ ಕುದುರೆ ಬೇಕೇ ಬೇಕು, ನಮ್ಮ ನೆಲದಲ್ಲಿ ಒಳ್ಳೆಯ ಕುದುರೆ ಹುಟ್ಟುವುದಿಲ್ಲ. ಹಾಗಾಗಿ ದಾರಿಯಲ್ಲಿ ಸತ್ತರೂ ವ್ಯಾಪಾರಿಗೆ ನಷ್ಟವಿರಲಿಲ್ಲ. ಒಂಟೆಗೆ ಈ ಬಗೆಯ ಗಿರಾಕಿ ಕರಾವಳಿಯಲ್ಲಿ ಇರಲಿಲ್ಲ.

ಒಂಟೆಯಿಂದ ಆಗುವ ಮುಖ್ಯ ಕೆಲಸ ಹೊರೆ ಹೊರುವುದು. ನಮ್ಮ ಕಡೆ ಹೊರೆಯನ್ನು ಯಾರು ಹೊರುತ್ತಿದ್ದರು? 1342ರ ಸುಮಾರಿಗೆ ಈ ತೀರದಲ್ಲಿ ಓಡಾಡಿದ ಇಬ್ನ್ ಬತೂತ ಇದಕ್ಕೆ ನೇರ ಉತ್ತರ ಬರೆದಿಟ್ಟಿದ್ದಾರೆ. ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರು, ಫಾರ್ಸ್ ಮತ್ತು ಯೆಮನ್‌ನ ವ್ಯಾಪಾರಿಗಳು ಅಲ್ಲಿ ಇಳಿಯುತ್ತಿದ್ದರು ಎಂದವರು ಹೇಳಿದ್ದು ನಮ್ಮವರಿಗೆಲ್ಲ ಗೊತ್ತು. ಪ್ರತಿ ಲೇಖನದಲ್ಲೂ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಪ್ರವಾಸದ ಇನ್ನೊಂದು ಮಾತನ್ನು ನಾವು ಗಮನಿಸಿದ್ದು ಕಡಿಮೆ. ಈ ಮಲಬಾರ್ ತೀರದಲ್ಲಿ ಯಾರೂ ಪ್ರಾಣಿಯ ಮೇಲೆ ಪ್ರಯಾಣ ಮಾಡುವುದಿಲ್ಲ, ಕುದುರೆ ಇರುವುದು ಅರಸನಿಗೆ ಮಾತ್ರ, ವ್ಯಾಪಾರಿಯ ಸರಕನ್ನು ಆಳುಗಳು ಬೆನ್ನ ಮೇಲೆ ಹೊತ್ತು ಸಾಗಿಸುತ್ತಾರೆ ಎನ್ನುತ್ತಾರೆ ಅವರು. ಹೆಜ್ಜೆಗೊಂದು ತೋಡು, ಹರದಾರಿಗೊಂದು ಹೊಳೆ ಇರುವ ಊರಲ್ಲಿ ಸರಕು ಹೋಗುವುದು ದೋಣಿಯಲ್ಲಿ, ತಲೆಹೊರೆಯಲ್ಲಿ. ಘಟ್ಟ ಹತ್ತುವುದಕ್ಕೆ ಹೇರೆತ್ತು. ನಡುವೆ ಒಂಟೆಗೆ ಜಾಗವೇ ಇಲ್ಲ.

ಮಳೆಯ ಮಾತೂ ಇದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಒದ್ದೆ ಹವೆಯಲ್ಲಿ ಒಂಟೆಗೆ ಕಜ್ಜಿ ಹಿಡಿಯುತ್ತದೆ. ರಕ್ತ ಹೀರುವ ದೊಡ್ಡ ನೊಣಗಳು ಹರಡುವ ಸರ್ರಾ ಎಂಬ ಜ್ವರ ಅದಕ್ಕಿಂತ ಕೆಟ್ಟದ್ದು. ಆ ರೋಗದ ಸೂಕ್ಷ್ಮಜೀವಿಯನ್ನು 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಕಂಡುಹಿಡಿದ. ನೊಣ ಹೆಚ್ಚಾಗುವುದು ಮಳೆಗಾಲದಲ್ಲಿ, ಮತ್ತು ನಮ್ಮ ಮಳೆಗಾಲ ಎಷ್ಟು ದಿನದ್ದೆಂದು ನಿಮಗೆ ಹೇಳಬೇಕಾಗಿಲ್ಲ.

ಇನ್ನು ಕಾಲು. ಡಿಪ್ಲೊಮಾದಲ್ಲಿ ಮೆಕ್ಯಾನಿಕಲ್ ಓದಿದವನಿಗೆ ಒಂಟೆಯ ಪಾದ ನೋಡುವುದೇ ಒಂದು ಖುಷಿ. ಅದಕ್ಕೆ ಗೊರಸು ಇಲ್ಲ. ಎರಡು ಬೆರಳು, ತುದಿಯಲ್ಲಿ ಉಗುರು, ಕೆಳಗೆ ಅಗಲವಾದ ಮೆತ್ತನೆಯ ಅಟ್ಟೆ. ಭಾರ ಬಿದ್ದಾಗ ಅಟ್ಟೆ ಹರಡಿಕೊಳ್ಳುತ್ತದೆ, ನೆಲದ ಮೇಲೆ ಬೀಳುವ ಒತ್ತಡ ಕಡಿಮೆಯಾಗುತ್ತದೆ. ಮರಳಿಗೆ ಇಳಿಯುವ ಜೀಪಿನ ಟಯರಿನಿಂದ ಗಾಳಿ ಸ್ವಲ್ಪ ಬಿಡುತ್ತಾರಲ್ಲ, ಅದೇ ಸೂತ್ರ. ಆದರೆ ಈ ಅಟ್ಟೆ ಗುಂಡಿಯಿಲ್ಲದ ಸವೆದ ಟಯರಿದ್ದ ಹಾಗೆ. ಕೆಸರಿನಲ್ಲಿ ಹಿಡಿತವಿಲ್ಲ. ಎತ್ತಿನ ಸೀಳುಗೊರಸು ಕೆಸರಿಗೆ ಇಳಿಯುವಾಗ ಬಿರಿಯುತ್ತದೆ, ಎತ್ತುವಾಗ ಮುಚ್ಚಿಕೊಂಡು ಸಲೀಸಾಗಿ ಹೊರಬರುತ್ತದೆ. ಒಂಟೆ ಜಾರಿದರೆ ಹಿಂಗಾಲೆರಡೂ ಅಗಲಕ್ಕೆ ಸರಿದು ಸೊಂಟದ ಹತ್ತಿರ ಹರಿದುಹೋಗುವುದುಂಟು. ಅಲ್ಲಿಗೆ ಅದರ ಕಥೆ ಮುಗಿಯಿತು.

ಹಾಗಾದರೆ ಕನ್ನಡ ನಾಡಿಗೆ ಒಂಟೆ ಬರಲೇ ಇಲ್ಲವೇ? ಬಂತು. ಸಮುದ್ರದ ಕಡೆಯಿಂದಲ್ಲ, ಉತ್ತರದಿಂದ, ನೆಲದ ಮೇಲೆ ನಡೆದುಕೊಂಡು. ಅದು ಬಂದ ದಾರಿಯನ್ನು ನೋಡಬೇಕಾದರೆ ಘಟ್ಟ ಹತ್ತಿ, ರಾಯಚೂರು ದಾಟಿ, ಕೃಷ್ಣಾ ತುಂಗಭದ್ರೆಗಳ ನಡುವಿನ ಬಯಲಿಗೆ ಹೋಗಬೇಕು.

ಹತ್ತಿ ಜಿನ್ನಿಂಗ್ ಮಿಲ್ಲುಗಳ ಯಂತ್ರದ ಕೆಲಸಕ್ಕೆ ನಾನು ರಾಯಚೂರು, ಗದ್ವಾಲ ಕಡೆ ಹೋಗಿ ಬರುತ್ತಿರುತ್ತೇನೆ. ಆ ಬಯಲಿನ ಪೂರ್ವದ ತುದಿಯಲ್ಲಿ, ಅಲಂಪುರದ ಹತ್ತಿರ, ಉಂಡವಳ್ಳಿ ಇದೆ. ಈಗ ಅದು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಗೆ ಸೇರಿದ ಮಂಡಲ. ಹೈದರಾಬಾದ್–ಬೆಂಗಳೂರು ಹೆದ್ದಾರಿ ಅಲ್ಲೇ ಹಾದು, ಪುಲ್ಲೂರು ಟೋಲ್ ದಾಟಿ, ತುಂಗಭದ್ರೆಯ ಆಚೆ ಕರ್ನೂಲಿಗೆ ಹೋಗುತ್ತದೆ. ಎರಡು ನದಿಗಳ ನಡುವಿನ ಈ ನೆಲಕ್ಕೆ ತೆಲುಗಿನಲ್ಲಿ ನಡಿಗಡ್ಡ ಎನ್ನುತ್ತಾರೆ. ಆ ಹೆದ್ದಾರಿಯ ಬದಿಯ ಬೇವಿನ ಮರದಡಿ ಒಮ್ಮೆ ನಾಲ್ಕು ಒಂಟೆಗಳನ್ನು ಕಂಡೆ. ರಾಜಸ್ಥಾನದ ಇಬ್ಬರು ಊರೂರು ತಿರುಗಿಸಿ ಮಕ್ಕಳನ್ನು ಕೂರಿಸಿ ಹತ್ತೋ ಇಪ್ಪತ್ತೋ ಸಂಪಾದಿಸುತ್ತಿದ್ದರು. ಚಹಾದಂಗಡಿಯ ಮುದುಕರು ರಾಯಚೂರು ಕಡೆಯ ಕನ್ನಡದಲ್ಲಿ ಹೇಳಿದರು: “ಮಳಿ ಬರೂದ್ರಾಗ ಇವ್ರು ಊರು ಸೇರ್ಕಂತಾರ್ರಿ. ಎರಿ ಹೊಲ್ದಾಗ ಇವು ನಡ್ಯಂಗಿಲ್ಲ, ಕಾಲು ಜಾರ್ತಾವ.” ತೆಲುಗಿನಲ್ಲೂ ಅದು ಒಂಟೆಯೇ, ಕನ್ನಡದಲ್ಲೂ ಒಂಟೆಯೇ, ಮಲಯಾಳದಲ್ಲಿ ಒಟ್ಟಗಂ. ಎಲ್ಲವೂ ಸಂಸ್ಕೃತದ ಉಷ್ಟ್ರ ಪ್ರಾಕೃತದಲ್ಲಿ ಸವೆದು ಬಂದ ರೂಪಗಳು. ಪ್ರಾಣಿಯಂತೆ ಅದರ ಹೆಸರೂ ಉತ್ತರದಿಂದಲೇ ಇಳಿದದ್ದು.

ಈ ನಡಿಗಡ್ಡೆಗಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಹೊಡೆದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರನ್ನು ಹಿಡಿದದ್ದು ಶಾಲೆಯ ಪುಸ್ತಕದಲ್ಲೇ ಇದೆ. ದಕ್ಷಿಣಕ್ಕೆ ಬಂದ ಉತ್ತರದ ಸೈನ್ಯಗಳ ಸಾಮಾನು ಹೊತ್ತದ್ದರಲ್ಲಿ ಒಂಟೆಯ ಪಾಲು ದೊಡ್ಡದು. 1310ರಲ್ಲಿ ಮಲಿಕ್ ಕಾಫುರ್ ಓರುಗಲ್ಲಿನಿಂದ ದಿಲ್ಲಿಗೆ ಸಾಗಿಸಿದ ಸಂಪತ್ತಿನ ಭಾರಕ್ಕೆ ಸಾವಿರ ಒಂಟೆಗಳು ನರಳಿದವು ಎಂದು ಅಮೀರ್ ಖುಸ್ರೋ ವರ್ಣಿಸುತ್ತಾನೆ. ಆಸ್ಥಾನ ಕವಿಯ ಸಾವಿರವನ್ನು ನಾನು ಎಣಿಸಿದ ಸಾವಿರ ಎಂದು ನಂಬುವುದಿಲ್ಲ, ಆದರೆ ಹೊತ್ತದ್ದು ಒಂಟೆ ಎಂಬುದನ್ನು ನಂಬುತ್ತೇನೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಆನೆ ಕುದುರೆಗಳ ಸಾಲಿನ ಜತೆ ಒಂಟೆಗಳೂ ಇವೆ. ಮುಂದಿನ ಸಲ ಹೋದಾಗ ಮಕ್ಕಳಿಗೆ ಹುಡುಕಿ ತೋರಿಸಿ. ಮೊಗಲರ ಕಾಲಕ್ಕೆ ಒಂಟೆ ತೋಪಿನ ಗಾಡಿಯೂ ಆಯಿತು. ಬೆನ್ನಿನ ಮೇಲೆ ತಿರುಗುವ ಗೂಟಕ್ಕೆ ಸಣ್ಣ ಫಿರಂಗಿ ಕಟ್ಟಿ, ಒಂಟೆಯನ್ನು ಕೂರಿಸಿ ಹೊಡೆಯುವುದು. ಅದಕ್ಕೆ ಜಂಬೂರಕ್ ಅಥವಾ ಶುತುರ್‌ನಾಲ್ ಎಂದು ಹೆಸರು. ಔರಂಗಜೇಬನ ಸೈನ್ಯದಲ್ಲಿ ಇಂಥ ಇನ್ನೂರು ಮುನ್ನೂರು ಒಂಟೆಗಳಿದ್ದವೆಂದು ಫ್ರೆಂಚ್ ವೈದ್ಯ ಬರ್ನಿಯರ್ 1660ರ ದಶಕದಲ್ಲಿ ಬರೆದ. ಅದೇ ಔರಂಗಜೇಬನ ಸೈನ್ಯ 1686ರಲ್ಲಿ ಬಿಜಾಪುರವನ್ನೂ 1687ರಲ್ಲಿ ಗೋಲ್ಕೊಂಡವನ್ನೂ ನುಂಗಿತು.

ಇಷ್ಟು ಶತಮಾನ ಬಂದು ಹೋದರೂ ಒಂಟೆ ದಖ್ಖನ್ನಿನಲ್ಲಿ ಬೇರುಬಿಡಲಿಲ್ಲ. ಮರಿ ಹಾಕಿಸಿ ಹಿಂಡು ಬೆಳೆಸುವ ಜನ ಇಲ್ಲಿ ಹುಟ್ಟಲಿಲ್ಲ. ರಾಜಸ್ಥಾನದ ರೈಕರಂತೆ, ಕಛ್‌ನ ಜತರಂತೆ ಒಂಟೆಯನ್ನೇ ನಂಬಿದ ಕುಲ ಇಲ್ಲಿಲ್ಲ. ಸತ್ತರೆ ಇನ್ನೊಂದನ್ನು ಉತ್ತರದಿಂದ ತರಿಸಬೇಕು. ಮೈಸೂರು ಅರಮನೆಯ ದಸರಾ ಪೂಜೆಗೆ ಪಟ್ಟದ ಆನೆ, ಪಟ್ಟದ ಕುದುರೆ, ಪಟ್ಟದ ಹಸುವಿನ ಜತೆ ಪಟ್ಟದ ಒಂಟೆಯೂ ಇಂದಿಗೂ ಅಲಂಕಾರ ಮಾಡಿಕೊಂಡು ಬರುತ್ತದೆ. ನಮ್ಮ ನಾಡಿನಲ್ಲಿ ಅದಕ್ಕೆ ಸಿಕ್ಕ ಗಟ್ಟಿ ಜಾಗ ಅದೊಂದೇ ಇರಬೇಕು.

ಈಗ ಈ ಪ್ರಾಣಿಯ ಮನೆತನದ ವಿಷಯಕ್ಕೆ ಬರುತ್ತೇನೆ. ಒಂಟೆ ಅರೇಬಿಯಾದ್ದೆಂದು ನಾವೆಲ್ಲ ತಿಳಿದಿದ್ದೇವೆ. ಮೂಲದಲ್ಲಿ ಅದು ಉತ್ತರ ಅಮೆರಿಕದ್ದು. ಸುಮಾರು ನಾಲ್ಕು ಕೋಟಿ ವರ್ಷದ ಹಿಂದೆ ಅಲ್ಲಿ ಮೊಲದಷ್ಟಿದ್ದ ಪ್ರಾಣಿಯಿಂದ ಈ ವಂಶ ಬೆಳೆಯಿತು. 2013ರಲ್ಲಿ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಸಿಕ್ಕ ಕಾಲಿನ ಮೂಳೆಯ ಚೂರುಗಳ ಸುದ್ದಿ ಬಂತು. ಅವು 35 ಲಕ್ಷ ವರ್ಷ ಹಳೆಯ ಒಂಟೆಯವು, ಈಗಿನದಕ್ಕಿಂತ ದೊಡ್ಡದು. ಅಂದರೆ ಡುಬ್ಬದ ಕೊಬ್ಬು, ಅಗಲ ಪಾದ, ದೊಡ್ಡ ಕಣ್ಣು ಇವೆಲ್ಲ ಮೊದಲು ಹಿಮಕ್ಕೂ ಆರು ತಿಂಗಳ ಕತ್ತಲಿಗೂ ಒದಗಿದ ಗುಣಗಳಿರಬಹುದು, ಮರಳುಗಾಡಿಗೆ ಆಮೇಲೆ ಉಪಯೋಗಕ್ಕೆ ಬಂದವು ಎಂದು ವಿಜ್ಞಾನಿಗಳ ಊಹೆ. ಡುಬ್ಬದಲ್ಲಿ ನೀರಿರುತ್ತದೆ ಎನ್ನುವವರು ಈಗಲೂ ಇದ್ದಾರೆ. ಇರುವುದು ಕೊಬ್ಬು. ನೀರಿನ ಉಳಿತಾಯ ಬೇರೆ ಕಡೆ ನಡೆಯುತ್ತದೆ. ಮೈಯ ಬಿಸಿಯನ್ನು ರಾತ್ರಿ 34 ಡಿಗ್ರಿಗೆ ಇಳಿಸಿ ಹಗಲು 40ರವರೆಗೆ ಏರಲು ಬಿಟ್ಟು ಬೆವರನ್ನು ಉಳಿಸುತ್ತದೆ. ನೀರು ಸಿಕ್ಕಾಗ ಹತ್ತು ಹದಿನೈದು ನಿಮಿಷದಲ್ಲಿ ನೂರು ಲೀಟರ್ ಕುಡಿದರೂ ಅದರ ಮೊಟ್ಟೆಯಾಕಾರದ ರಕ್ತಕಣಗಳು ಒಡೆಯುವುದಿಲ್ಲ.

ಅಮೆರಿಕದಿಂದ ಒಂದು ಕವಲು ಆರೇಳು ದಶಲಕ್ಷ ವರ್ಷದ ಹಿಂದೆ, ಅಲಾಸ್ಕ ಸೈಬೀರಿಯಗಳು ಕೂಡಿಕೊಂಡಿದ್ದಾಗ, ಏಷ್ಯಾಕ್ಕೆ ದಾಟಿತು. ಇನ್ನೊಂದು ದಕ್ಷಿಣ ಅಮೆರಿಕಕ್ಕೆ ಇಳಿಯಿತು. ತವರಿನಲ್ಲಿ ಉಳಿದವು ಹಿಮಯುಗದ ಕೊನೆಗೆ ನಿರ್ನಾಮವಾದವು. ಈಗ ಆ ಮನೆಯಲ್ಲಿ ಏಳು ಮಂದಿ. ದಕ್ಷಿಣ ಅಮೆರಿಕದಲ್ಲಿ ಡುಬ್ಬವಿಲ್ಲದ ನಾಲ್ವರು: ಕಾಡಿನ ಗ್ವಾನಾಕೊ, ಅದರಿಂದ ಸಾಕಿ ಬೆಳೆಸಿದ ಲಾಮಾ, ಕಾಡಿನ ವಿಕುನ್ಯಾ, ಅದರಿಂದ ಬಂದ ಅಲ್ಪಾಕಾ. ಏಷ್ಯಾದ ಕಡೆ ಎರಡು ಡುಬ್ಬದ ಸಾಕು ಒಂಟೆ, ಗೋಬಿ ಮರುಭೂಮಿಯ ಕಾಡು ಒಂಟೆ, ಮತ್ತು ನಾವು ಒಂಟೆ ಎನ್ನುವ ಒಂದು ಡುಬ್ಬದ್ದು. ಗೋಬಿಯ ಕಾಡು ಒಂಟೆ ಈಗ ಸಾವಿರದಷ್ಟೂ ಉಳಿದಿಲ್ಲ. ಚೀನಾ ಅಣುಬಾಂಬ್ ಪರೀಕ್ಷೆ ಮಾಡಿದ ಲೋಪ್ ನೂರ್ ಸುತ್ತಲೂ ಅದು ಬದುಕಿಕೊಂಡಿದೆ, ಉಪ್ಪು ನೀರು ಕುಡಿದು.

ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಲಾಮಾಕ್ಕೂ ಅಲ್ಪಾಕಾಕ್ಕೂ ಕಾಡಿನಲ್ಲಿ ಹಿರಿಯರು ಉಳಿದಿದ್ದಾರೆ. ಎರಡು ಡುಬ್ಬದ್ದಕ್ಕೂ ಕಾಡಿನಲ್ಲಿ ದೂರದ ನೆಂಟರಿದ್ದಾರೆ. ನಮ್ಮ ಒಂದು ಡುಬ್ಬದ ಒಂಟೆಗೆ ಯಾರೂ ಇಲ್ಲ. ಕಾಡು ಒಂಟೆ ಅರೇಬಿಯಾದಲ್ಲಿ ಇತ್ತು. ಸೌದಿಯ ಅಲ್ ಜೌಫ್ ಪ್ರಾಂತದ ಬಂಡೆಗಳಲ್ಲಿ ಪೂರ್ಣ ಗಾತ್ರದ ಒಂಟೆಗಳನ್ನು ಕೆತ್ತಿದ್ದಾರೆ. ಅವು ಏಳೆಂಟು ಸಾವಿರ ವರ್ಷ ಹಳೆಯವೆಂದು 2021ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು, ಅಂದರೆ ಒಂಟೆಯನ್ನು ಪಳಗಿಸುವುದಕ್ಕೆ ಬಹಳ ಮುಂಚೆ. ದುಬೈಯ ಅಲ್ ಸುಫೂಹ್‌ನಲ್ಲಿ ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಬೇಟೆಯಾಡಿದ ಕಾಡು ಒಂಟೆಗಳ ಮೂಳೆ ರಾಶಿ ಸಿಕ್ಕಿತು. ನಮ್ಮ ಹುಡುಗರು ದಿನಾ ಬಸ್ಸಿನಲ್ಲಿ ಹಾದುಹೋಗುವ ಜಾಗ ಅದು. ಪಳಗಿಸಿದ್ದು ಅಲ್ಲೇ ಆಸುಪಾಸು, ಈಗ್ಗೆ ಮೂರು ಸಾವಿರ ವರ್ಷದ ಹಿಂದೆ. ಪಳಗಿದ್ದು ಉಳಿಯಿತು, ಕಾಡಿನದು ಅಳಿಯಿತು.

ಹೀಗಾಗಿ ಮನುಷ್ಯ ಕೈಬಿಟ್ಟರೆ ಈ ಒಂಟೆಗೆ ವಾಪಸ್ ಹೋಗುವುದಕ್ಕೆ ತವರುಮನೆ ಇಲ್ಲ. ಒಂದು ಕಡೆ ಮಾತ್ರ ಅದು ಕಾಡನ್ನು ತಾನೇ ಮಾಡಿಕೊಂಡಿದೆ: ಆಸ್ಟ್ರೇಲಿಯಾದಲ್ಲಿ. 1860ರಲ್ಲಿ ಕರಾಚಿಯಿಂದ ಹಡಗಿನಲ್ಲಿ 24 ಒಂಟೆಗಳು ಮೆಲ್ಬರ್ನ್‌ಗೆ ಹೋದವು. 1866ರಲ್ಲಿ ನೂರಕ್ಕೂ ಹೆಚ್ಚು ಪೋರ್ಟ್ ಆಗಸ್ಟಾಕ್ಕೆ ಇಳಿದವು. ಅಂದರೆ ಒಂಟೆಯನ್ನು ಹಡಗಿನಲ್ಲಿ ಸಾಗಿಸಲು ಆಗುವುದಿಲ್ಲವೆಂದಲ್ಲ. ಗಿರಾಕಿ ಇದ್ದರೆ ಆಗುತ್ತದೆ. ಜತೆಗೆ ಹೋದವರು ಬಲೂಚಿಸ್ತಾನ, ಪೇಶಾವರ, ಪಂಜಾಬ್, ಸಿಂಧ್ ಕಡೆಯವರು. ಬಿಳಿಯರು ಎಲ್ಲರನ್ನೂ ಒಟ್ಟಾಗಿ ಅಫ್ಘಾನರು ಎಂದು ಕರೆದರು. ಆ ಖಂಡದ ಒಳನಾಡಿನ ತಂತಿ ಕಂಬ, ರೈಲು ಹಳಿ, ಉಣ್ಣೆ, ಹಿಟ್ಟು ಎಲ್ಲವನ್ನೂ ಈ ಒಂಟೆಗಳು ಹೊತ್ತವು. ಅಡಿಲೇಡ್ ನಗರದ ಮಸೀದಿಯನ್ನು 1880ರ ದಶಕದ ಕೊನೆಗೆ ಕಟ್ಟಿಸಿದ್ದು ಇದೇ ಒಂಟೆಯವರು. 1920ರ ದಶಕದಲ್ಲಿ ಲಾರಿ ಬಂತು. ದಕ್ಷಿಣ ಆಸ್ಟ್ರೇಲಿಯಾ ಸರ್ಕಾರ 1925ರಲ್ಲಿ ಬಿಡಾಡಿ ಒಂಟೆಗಳನ್ನು ಕೊಲ್ಲುವುದಕ್ಕೆ ಕಾನೂನನ್ನೇ ಮಾಡಿತು. ಎಷ್ಟೋ ಒಡೆಯರು ಕೊಲ್ಲಲು ಮನಸ್ಸಿಲ್ಲದೆ ಬಿಟ್ಟುಬಿಟ್ಟರು. ಅವುಗಳ ಸಂತಾನ ಇಂದು ಲಕ್ಷಗಟ್ಟಲೆ.

ಕೊಲ್ಲಿಯ ಅರಬರು ಎಣ್ಣೆ ಸಿಕ್ಕಮೇಲೂ ಒಂಟೆಯನ್ನು ಬಿಡಲಿಲ್ಲ. ಓಟ, ಸೌಂದರ್ಯ ಸ್ಪರ್ಧೆ, ಹಾಲು ಎಂದು ಹೊಸ ಕೆಲಸ ಹುಡುಕಿಕೊಟ್ಟರು. ಓಟದಲ್ಲಿ ಮೊದಲು ಬಡ ದೇಶಗಳ ಪುಟ್ಟ ಮಕ್ಕಳನ್ನು ಬೆನ್ನಿಗೆ ಕಟ್ಟುತ್ತಿದ್ದರು. ಅದು ನಾಚಿಕೆಗೇಡಿನ ಅಧ್ಯಾಯ, ನಮ್ಮ ಉಪಖಂಡದ ಮಕ್ಕಳೂ ಅದರಲ್ಲಿದ್ದರು. 2005ರಿಂದ ಆ ಜಾಗಕ್ಕೆ ರೋಬೋಟ್ ಬಂತು. ಮೊದಲಿನವು ಇಪ್ಪತ್ತು ಕಿಲೋಗೂ ಮೇಲ್ಪಟ್ಟ ಭಾರೀ ಯಂತ್ರಗಳು. ಆಮೇಲೆ ಯಾರೋ ಜಾಣರು ಕಾರ್ಡ್‌ಲೆಸ್ ಡ್ರಿಲ್ಲಿನ ಮೋಟಾರಿಗೆ ಚಾಟಿ ಕಟ್ಟಿ, ರಿಮೋಟ್ ಜೋಡಿಸಿ, ಎರಡು ಮೂರು ಕಿಲೋಗೆ ಇಳಿಸಿದರು. ಇಂಜಿನಿಯರಿಂಗ್ ಎಂದರೆ ಬಹಳ ಸಲ ಇಷ್ಟೇ.

ನಮ್ಮ ದೇಶದಲ್ಲಿ ಹಾಗಾಗಲಿಲ್ಲ. 1980ರ ದಶಕದ ಆರಂಭದಲ್ಲಿ ಭಾರತದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಒಂಟೆಗಳಿದ್ದವು. 2012ರ ಜಾನುವಾರು ಗಣತಿಗೆ ನಾಲ್ಕು ಲಕ್ಷ, 2019ಕ್ಕೆ ಎರಡೂವರೆ ಲಕ್ಷ. ಗಾಡಿ ಎಳೆಯುವ ಕೆಲಸ ಟ್ರ್ಯಾಕ್ಟರಿಗೆ ಹೋಯಿತು, ಮೇಯುವ ಬಯಲು ಕಾಲುವೆ ನೀರಾವರಿಗೂ ಬೇಲಿಗೂ ಹೋಯಿತು. ರಾಜಸ್ಥಾನ ಸರ್ಕಾರ 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿ ಎಂದು ಸಾರಿ, 2015ರಲ್ಲಿ ಅದನ್ನು ಕೊಲ್ಲುವುದನ್ನೂ ಅನುಮತಿಯಿಲ್ಲದೆ ಹೊರರಾಜ್ಯಕ್ಕೆ ಸಾಗಿಸುವುದನ್ನೂ ತಡೆಯುವ ಕಾನೂನು ತಂದಿತು. ಉದ್ದೇಶ ಉಳಿಸುವುದು. ಆದರೆ ಗಂಡು ಒಂಟೆಗೆ ಗಿರಾಕಿಯೇ ಇಲ್ಲವಾಗಿ ಪುಷ್ಕರದ ಜಾತ್ರೆಯಲ್ಲಿ ಬೆಲೆ ಬಿದ್ದುಹೋಯಿತು, ಸಾಕುವುದೇ ನಷ್ಟವಾಯಿತು ಎಂದು ರೈಕರು ದೂರುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ ಎಂದು ನನಗನ್ನಿಸುತ್ತದೆ. ಹಾಗೆಂದು ಬಕ್ರೀದಿಗೆ ಎರಡು ಸಾವಿರ ಕಿಲೋಮೀಟರ್ ದೂರದಿಂದ ಲಾರಿಯಲ್ಲಿ ಕಾಲು ಕಟ್ಟಿ ತುಂಬಿ ದಕ್ಷಿಣಕ್ಕೆ ಒಂಟೆ ಸಾಗಿಸುವುದನ್ನು ನಾನು ಒಪ್ಪುವುದಿಲ್ಲ. ಆಡು, ಕುರಿ ಹತ್ತಿರದಲ್ಲೇ ಸಿಗುವಾಗ ಆ ಒಂಟೆ ಹೆಚ್ಚಾಗಿ ಫೋಟೊಕ್ಕೆ, ಮತ್ತು ನಾಲ್ಕು ಜನ ನೋಡಲಿ ಎಂಬುದಕ್ಕೆ.

ಲಡಾಖಿನ ನುಬ್ರಾ ಕಣಿವೆಯಲ್ಲಿ ಬೇರೆ ಬಗೆಯದು ನಡೆಯಿತು. ಯಾರ್ಕಂದ್‌ನಿಂದ ಲೇಹ್‌ಗೆ ಸರಕು ಹೊತ್ತು ಬರುತ್ತಿದ್ದ ಎರಡು ಡುಬ್ಬದ ಒಂಟೆಗಳು, 1950ರ ಸುಮಾರಿಗೆ ಗಡಿ ಮುಚ್ಚಿ ವ್ಯಾಪಾರ ನಿಂತಾಗ, ಅಲ್ಲೇ ಅನಾಥವಾಗಿ ಉಳಿದುಕೊಂಡವು. ಪ್ರವಾಸಿಗರು ಬರತೊಡಗಿದ ಮೇಲೆ ಹುಂಡರ್‌ನ ಮರಳದಿಬ್ಬಗಳಲ್ಲಿ ಸವಾರಿಗೆ ಅವು ಮತ್ತೆ ಬೇಕಾದವು. ಕಛ್‌ನಲ್ಲಿ ಹಾಲಿನಿಂದ ಸ್ವಲ್ಪ ಆಸೆ ಹುಟ್ಟಿದೆ. 2019ರಲ್ಲಿ ಅಮುಲ್ ಒಂಟೆ ಹಾಲನ್ನು ಬಾಟಲಿಯಲ್ಲಿ ಮಾರಲು ಶುರುಮಾಡಿತು. ಕೊಲ್ಲಿಯಿಂದ ರಜೆಗೆ ಬಂದ ನಮ್ಮವರಲ್ಲಿ ಕೆಲವರಿಗೆ ಅದರ ತುಸು ಉಪ್ಪುಪ್ಪು ರುಚಿ ಪರಿಚಯವಿದೆ.

ಅದೇ ಕಛ್‌ನಲ್ಲಿ ಖಾರಾಯಿ ಎಂಬ ಒಂಟೆ ಇದೆ, 2015ರಲ್ಲಿ ಪ್ರತ್ಯೇಕ ತಳಿಯೆಂದು ಸರ್ಕಾರ ಗುರುತಿಸಿದ್ದು. ಅದು ಸಮುದ್ರದಲ್ಲಿ ಈಜುತ್ತದೆ. ಫಕೀರಾಣಿ ಜತರು ಎಂಬ ಮುಸ್ಲಿಂ ಪಶುಪಾಲಕರು ಹಿಂಡನ್ನು ನೀರಿಗೆ ಇಳಿಸುತ್ತಾರೆ, ಅವು ತಲೆ ಮೇಲಿಟ್ಟುಕೊಂಡು ದ್ವೀಪಗಳಿಗೆ ಈಜಿ ಹೋಗಿ ಕಾಂಡ್ಲ ಮೇಯುತ್ತವೆ. ಹೌದು, ನಮ್ಮ ಅಳಿವೆಗಳ ಬದಿಯಲ್ಲಿ ಬೆಳೆಯುತ್ತದಲ್ಲ, ಅದೇ ಕಾಂಡ್ಲ ಕಾಡು. ಮಳೆ ನಮ್ಮ ಹತ್ತನೇ ಒಂದು ಪಾಲಷ್ಟೇ ಬೀಳುವ ಆ ತೀರದಲ್ಲಿ ಒಂಟೆ ಕರಾವಳಿಯದೂ ಆಗಿದೆ. ಈಗ ಅಲ್ಲಿ ಉಪ್ಪಿನಗದ್ದೆಗಳಿಗೂ ಬಂದರುಗಳಿಗೂ ಕಾಂಡ್ಲ ಕಡಿಯುತ್ತಿದ್ದಾರೆ. ಜತರು ಹಿಂಡನ್ನು ಹೊಡೆದುಕೊಂಡು ಇನ್ನೂ ದೂರದ ದ್ವೀಪಗಳನ್ನು ಹುಡುಕಬೇಕಾಗಿದೆ.